ಅಕ್ಷರದ ಬುಟ್ಟಿಗೆ ಬಿದ್ದ ನೀಲಿ ಹಾಳೆ

ಹೆಸರು: ಯಾನ್ ಪು. ಯಾನ್ ಗಂಡನ ಮನೆಯ ಹೆಸರು, ಪು ತವರಿನದು. ಮನೆಯೊಳಗೆ ಕರೆಯುವ ಹೆಸರನ್ನು ಚಾವಡಿಯಲ್ಲಿ ಬರೆಸುವ ರೂಢಿ ಹೆಂಗಸರಿಗಿಲ್ಲ.
ವಯಸ್ಸು: ಮೂವತ್ತೊಂಬತ್ತು.
ಕಸುಬು: ಜೇಡ್ ಕಲ್ಲು ಕೊರೆಯಲು ಬೇಕಾಗುವ ಮರಳನ್ನು ಕುಟ್ಟಿ, ತೊಳೆದು, ಜರಡಿ ಹಿಡಿಯುವುದು.
ವಾಸ: ಸೂಝೌ ಪಟ್ಟಣ, ಪಶ್ಚಿಮ ಬಾಗಿಲಿನ ಒಳಗೆ, ಕಲ್ಲು ಕೊರೆಯುವವರ ಓಣಿ, ಕಾಲುವೆಗೆ ಬೆನ್ನು ಮಾಡಿದ ಮನೆ.

ಮೇಲೆ ಹೇಳಿದ ನಾನು ಈ ದಿನ ನಾನಾಗಿಯೇ ಚಾವಡಿಗೆ ಬಂದು, ಗುಮಾಸ್ತ ಫಾಂಗ್ ಅವರ ಎದುರು ಮಂಡಿಯೂರಿ, ಈ ಮೂಲಕ ತಿಳಿಯಪಡಿಸಿ ಬರೆಸುವುದೇನೆಂದರೆ:

ನನ್ನನ್ನು ಯಾರೂ ಕರೆಸಿಲ್ಲ, ಯಾರೂ ಹೇಳಿಕೊಟ್ಟು ಕಳಿಸಿಲ್ಲ. ನನಗೆ ಹೆದರಿಕೆಯಾಗಿದೆ. ಇದನ್ನು ಮೊದಲೇ ಬರೆಸುತ್ತಿದ್ದೇನೆ. ನಡುವೆ ಮಾತು ತಡವರಿಸಿದರೆ ಅದನ್ನು ಸುಳ್ಳಿನ ಗುರುತೆಂದು ತಿಳಿಯಬಾರದು.

ನನ್ನ ಗಂಡ ಯಾನ್ ಬೋಚಿನ್, ವಯಸ್ಸು ನಲವತ್ತಾರು, ಜೇಡ್ ಕಲ್ಲಿನ ಮೇಲೆ ಅಕ್ಷರ ಕೊರೆಯುವವರು. ಅವರು ಈಗ ಇದೇ ಚಾವಡಿಯ ಹಿಂದಿನ ಬಂದೀಖಾನೆಯಲ್ಲಿದ್ದಾರೆ. ಚಕ್ರವರ್ತಿಗಳು ಸ್ವಂತ ಕೈಯಿಂದ ಬರೆದ ಬುದ್ಧಸೂತ್ರದ ಒಂದು ಹಾಳೆಯನ್ನು ಕದ್ದು ಮಾರಿದರೆಂಬುದು ಅವರ ಮೇಲಿನ ಆರೋಪ. ಅದು ರುಜುವಾದರೆ ಅವರ ತಲೆ ಹೋಗುತ್ತದೆ. ಅವರು ಹಾಳೆಯನ್ನು ಕದ್ದಿಲ್ಲ, ಆ ದಿನ ಅದನ್ನು ಕಣ್ಣಿನಿಂದ ನೋಡಿಯೂ ಇಲ್ಲ. ಹಾಳೆ ಏನಾಯಿತೆಂದು ನನಗೆ ಗೊತ್ತು.

ಎರಡನೆಯ ತಿಂಗಳ ಕೊನೆಯಲ್ಲಿ ನಮ್ಮ ಮನೆಗೆ ಅರಮನೆಯ ಕೆಲಸ ಬಂತು. ಚಕ್ರವರ್ತಿಗಳು ತಮ್ಮ ತಾಯಿಯವರ ಹುಟ್ಟುಹಬ್ಬಕ್ಕೆಂದು ಸೂತ್ರವನ್ನು ಕಡುನೀಲಿ ಹಾಳೆಗಳ ಮೇಲೆ ಚಿನ್ನದ ಮಸಿಯಲ್ಲಿ ಬರೆದಿದ್ದರು. ಅದನ್ನು ಹಸಿರು ಜೇಡ್‌ನ ಹಲಗೆಗಳ ಮೇಲೆ ಕೊರೆಯಬೇಕು. ಹಲಗೆಗಳು ಪಶ್ಚಿಮದ ಬೆಟ್ಟಗಳಿಂದ ಗಾಡಿಯಲ್ಲಿ ಬಂದವು, ಒಂದೂ ಬಿರುಕಿಲ್ಲದವು. ಇಂಥ ಕಲ್ಲು ತಮ್ಮ ಕೈಗೆ ಬರುತ್ತದೆಂದು ನನ್ನ ಗಂಡ ಕನಸಿನಲ್ಲೂ ಎಣಿಸಿರಲಿಲ್ಲ. ಆ ದಿನ ಅವರು ಹಲಗೆಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು, ಬೆರಳಿನಿಂದ ತಟ್ಟಿ, ಸದ್ದು ಕೇಳಿಸಿಕೊಂಡು ಕೂತಿದ್ದರು. ಊಟಕ್ಕೆ ಕರೆದರೂ ಏಳಲಿಲ್ಲ.

ಕೆಲಸದ ಕ್ರಮ ಹೀಗಿದೆ. ಮೂಲ ಹಾಳೆಯ ಮೇಲೆ ಮೇಣ ಸವರಿದ ತೆಳುಕಾಗದ ಇಟ್ಟು ಅಕ್ಷರಗಳ ಅಂಚನ್ನು ಎತ್ತಿಕೊಳ್ಳಬೇಕು. ಆ ನಕಲಿನ ಬೆನ್ನಿಗೆ ಕೆಂಪು ಬಣ್ಣ ಹಚ್ಚಿ ಕಲ್ಲಿಗೆ ಒತ್ತಬೇಕು. ಆಮೇಲೆ ಕಾಲಿನಿಂದ ತುಳಿದು ತಿರುಗಿಸುವ ಕಬ್ಬಿಣದ ಚಕ್ರಕ್ಕೆ ಒದ್ದೆ ಮರಳು ಉಣ್ಣಿಸುತ್ತ, ಕಲ್ಲನ್ನು ಅದಕ್ಕೆ ಹಿಡಿದು ಗೆರೆಗೆರೆಯಾಗಿ ಸವೆಸಬೇಕು. ಉಳಿ ಸುತ್ತಿಗೆ ಈ ಕಲ್ಲಿಗೆ ನಾಟುವುದಿಲ್ಲ. ಕೊರೆಯುವುದು ಕೈ ಎಂದು ಜನ ತಿಳಿದಿದ್ದಾರೆ, ಆದರೆ ಅರ್ಧ ಕೆಲಸ ಪಾದದ್ದು.

ಕೆಲಸ ಒಪ್ಪಿಕೊಂಡ ದಿನವೇ ನನ್ನ ಅತ್ತೆ ಮನೆಗೆಲ್ಲ ವ್ರತ ಹಿಡಿಸಿದರು. ಅತ್ತೆಯ ಹೆಸರು ಯಾನ್ ತಾವ್, ವಯಸ್ಸು ಎಂಬತ್ತೊಂದು. ಸೂತ್ರ ಮುಗಿಯುವ ತನಕ ಮನೆಯಲ್ಲಿ ಮಾಂಸವಿಲ್ಲ, ಮೀನಿಲ್ಲ, ಈರುಳ್ಳಿ ಬೆಳ್ಳುಳ್ಳಿಯಿಲ್ಲ. ನಮ್ಮ ಓಣಿಯಲ್ಲಿ ಸೂತ್ರ ಕೊರೆಯುವ ಮನೆಗಳೆಲ್ಲ ಹೀಗೆಯೇ ನಡೆದುಕೊಳ್ಳುತ್ತವೆ. ಅತ್ತೆ ಬಾಣಲೆಯನ್ನು ಬೂದಿ ಹಾಕಿ ಉಜ್ಜಿಸಿದರು, ಹಂದಿ ಕೊಬ್ಬಿನ ಗಡಿಗೆಯನ್ನು ಪಕ್ಕದ ಮನೆಗೆ ಕೊಟ್ಟರು. ನನ್ನ ಗಂಡನಿಗೆ ಮಾಂಸವೆಂದರೆ ಪ್ರಾಣ. ಬರೀ ಸೋಯಾ ಕಾಳಿನ ಬಿಳಿ ತೋಫು ತಿಂದು ತಾನೂ ತೋಫುವಿನ ಬಣ್ಣಕ್ಕೆ ತಿರುಗಿದ್ದೇನೆಂದು ಗೊಣಗುತ್ತಿದ್ದರು. ಅವರು ಹೊರಗಿನಿಂದ ಬಂದಾಗಲೆಲ್ಲ ಅತ್ತೆ ಬಾಗಿಲಲ್ಲೇ ತಡೆದು ಬಾಯಿ ಮೂಸಿ ನೋಡುತ್ತಿದ್ದರು. ಅಷ್ಟು ವಯಸ್ಸಿನ ಗಂಡಸು ತಾಯಿಯ ಮುಂದೆ ಬಗ್ಗಿ ಬಾಯಿ ತೆರೆದು ನಿಲ್ಲುವುದನ್ನು ಕಂಡು ನಾನು ನಗುತ್ತಿದ್ದೆ. ಗುಮಾಸ್ತರು ಇದು ಬೇಡ ಎಂದರು. ಈ ಮೊಕದ್ದಮೆಗೆ ಇದು ಬೇಕಾಗುತ್ತದೆ, ಬರೆಯಿರಿ ಎಂದು ಕೇಳಿಕೊಂಡೆ.

ಇನ್ನೊಂದು ಸಂಗತಿ. ಅಕ್ಷರ ಬರೆದ ಕಾಗದವನ್ನು ನಾವು ಕಸಕ್ಕೆ ಹಾಕುವುದಿಲ್ಲ, ಕಾಲಿಗೆ ತಾಗಗೊಡುವುದಿಲ್ಲ. ಕೆಲಸ ಮುಗಿದ ನಕಲುಗಳನ್ನು ಹಾಕಲು ನಮ್ಮ ಒಳಕೋಣೆಯ ಗೋಡೆಗೆ ಒಂದು ಬಿದಿರಿನ ಬುಟ್ಟಿ ತೂಗುಹಾಕಿದೆ. ಅದನ್ನು ಅಕ್ಷರದ ಬುಟ್ಟಿ ಎನ್ನುತ್ತೇವೆ. ಅದರೊಳಗೆ ಯಾರೂ ಕೈಯಾಡಿಸುವುದಿಲ್ಲ. ಪ್ರತಿ ತಿಂಗಳ ಒಂದು ಮತ್ತು ಹದಿನೈದನೆಯ ದಿನ ಅತ್ತೆ ಆ ಬುಟ್ಟಿಯನ್ನು ಹಿಂಬಾಗಿಲಿನಿಂದ ಕಾಲುವೆಯ ಮೆಟ್ಟಿಲಿಗೆ ತಂದು, ದೋಣಿಯಲ್ಲಿ ಕೂತು, ಗುಡಿಗೆ ಒಯ್ಯುತ್ತಾರೆ. ಅಲ್ಲಿ ಅಕ್ಷರ ಸುಡಲೆಂದೇ ಕಟ್ಟಿದ ಇಟ್ಟಿಗೆಯ ಒಲೆಯಿದೆ. ಕಾಗದಗಳನ್ನು ಒಂದೊಂದಾಗಿ ಹಣೆಗೆ ಮುಟ್ಟಿಸಿ ಬೆಂಕಿಗೆ ಕೊಡುತ್ತಾರೆ. ಬೂದಿಯನ್ನು ಗುಡಿಯವರು ಅದೇ ಸಂಜೆ ಹರಿಯುವ ನೀರಿಗೆ ಬಿಡುತ್ತಾರೆ. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅತ್ತೆ ಒಂದು ಸಲವೂ ಇದನ್ನು ತಪ್ಪಿಸಿಲ್ಲ.

ಅರಮನೆಯ ಕೆಲಸಕ್ಕೆ ಮೇಲ್ವಿಚಾರಕರಾಗಿ ಬಂದವರು ಶುಮಿಂಗ್ ಅವರು, ಉತ್ತರದ ಕಡೆಯವರು. ಚಕ್ರವರ್ತಿಗಳ ಹಾಳೆ ನಮ್ಮ ಮನೆಯಲ್ಲಿ ರಾತ್ರಿ ಉಳಿಯುವಂತಿಲ್ಲ. ಶುಮಿಂಗ್ ಅವರು ಬೆಳಿಗ್ಗೆ ಬೀಗದ ಪೆಟ್ಟಿಗೆಯಲ್ಲಿ ಒಂದು ಹಾಳೆ ತರುತ್ತಾರೆ, ನಕಲು ತೆಗೆಯುವ ತನಕ ಎದುರಿಗೇ ಕೂರುತ್ತಾರೆ, ಮತ್ತೆ ಪೆಟ್ಟಿಗೆಗೆ ಹಾಕಿ ಒಯ್ಯುತ್ತಾರೆ. ನಮ್ಮೂರಿನ ಸೆಕೆ, ಸೊಳ್ಳೆ, ಮಾತು ಯಾವುದೂ ಅವರಿಗೆ ಹಿಡಿಸಿರಲಿಲ್ಲ. ಹಿಡಿಸಿದ್ದು ಒಂದೇ, ಸೇತುವೆಯ ಪಕ್ಕದ ಹುವಾ ಸಾನ್ ಅಂಗಡಿಯ ಶಾವಿಗೆ. ಹಂದಿ ಮಾಂಸದ ಕೆಂಪು ಸಾರಿನಲ್ಲಿ ಮುಳುಗಿಸಿ ಕೊಡುವಂಥದು.

ಈ ನಾಲ್ಕನೆಯ ತಿಂಗಳ ಹದಿನೈದರಂದು, ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ, ಶುಮಿಂಗ್ ಅವರು ಪೆಟ್ಟಿಗೆ ಹಿಡಿದು ಬಂದರು. ಹಿಂದೆಯೇ ಹುವಾ ಸಾನ್ ಸಾರಿನ ಬಟ್ಟಲು ಹಿಡಿದುಕೊಂಡು ಬಂದ. ಬಟ್ಟಲನ್ನು ಕೊಟ್ಟು ಅವನು ಬಾಗಿಲಿನಿಂದಲೇ ಹೊರಟುಹೋದ. ನಾನು ಅಂಗಳದಲ್ಲಿ ಮರಳು ತೊಳೆಯುತ್ತಿದ್ದೆ. ಎದ್ದು ಹೋಗಿ, ಸೂತ್ರದ ಕೋಣೆಗೆ ಮಾಂಸ ತರಬಾರದು, ಮನೆಯವರೆಲ್ಲ ವ್ರತದಲ್ಲಿದ್ದೇವೆ, ಬೇಕಾದರೆ ಅಂಗಳದಲ್ಲಿ ಮಣೆ ಹಾಕಿಕೊಡುತ್ತೇನೆ ಎಂದು ಕೈಮುಗಿದು ಹೇಳಿದೆ. ಅವರು ನಕ್ಕರು.

“ವ್ರತ ಹಿಡ್ದಿರೋದು ನಿಮ್ಮತ್ತೆ ಕಣಮ್ಮ, ನನ್ ಹೊಟ್ಟೆ ಅಲ್ಲ” ಅಂದರು.

ಒಳಕೋಣೆಯಲ್ಲಿ ಕಾಲುವೆಯ ಗಾಳಿ ಬರುತ್ತದೆಂದು ಅಲ್ಲಿಗೇ ಹೋದರು. ನನ್ನ ಗಂಡ ಮುಂದಿನ ಕೋಣೆಯಲ್ಲಿ ಚಕ್ರದ ಮೇಲಿದ್ದರು. ಒಂದು ಗೆರೆ ಹಿಡಿದ ಮೇಲೆ ಅದರ ತುದಿ ಮುಟ್ಟುವ ತನಕ ಕಾಲು ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಗೆರೆಯಲ್ಲಿ ಮೆಟ್ಟಿಲಿನಂತೆ ಉಳಿಯುತ್ತದೆ, ಮತ್ತೆ ಅಳಿಸಲಾಗದು. ಆದ್ದರಿಂದ ಶುಮಿಂಗ್ ಅವರು ಬಂದದ್ದು ತಿಳಿದರೂ ನನ್ನ ಗಂಡ ಏಳಲಿಲ್ಲ. ಒಳಕೋಣೆಯಲ್ಲಿ ಹಾಳೆ, ಸಾರಿನ ಬಟ್ಟಲು, ಶುಮಿಂಗ್ ಅವರು, ಇಷ್ಟೇ ಇದ್ದದ್ದು.

ಒಂದು ಜರಡಿ ಮರಳು ತೊಳೆದು ಮುಗಿಸುವಷ್ಟರಲ್ಲಿ ಶುಮಿಂಗ್ ಅವರು ಹೊರಗೆ ಬಂದರು. ಬಟ್ಟಲನ್ನು ಅಂಗಳದ ಕಟ್ಟೆಯ ಮೇಲಿಟ್ಟರು. ಅದರಲ್ಲಿ ಅರ್ಧದಷ್ಟು ಶಾವಿಗೆ ಉಳಿದಿತ್ತು. ಶಾವಿಗೆ ಉಳಿಸಿ ಏಳುವ ಆಸಾಮಿ ಅವರಲ್ಲ, ಅದಕ್ಕೇ ನನ್ನ ಕಣ್ಣು ಅಲ್ಲಿಗೆ ಹೋಯಿತು. ಅವರು ನೀಲಿ ನಿಲುವಂಗಿ ತೊಟ್ಟಿದ್ದರು. ಅದರ ಬಲತೋಳಿನ ಅಂಚು ಒದ್ದೆಯಾಗಿ, ಕೆಂಪಗೆ, ಜಿಡ್ಡುಜಿಡ್ಡಾಗಿತ್ತು. ನಾನು ನೋಡುತ್ತಿರುವುದು ತಿಳಿದು ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡರು. ನನ್ನ ಗಂಡನಿಗೆ, ತಾನು ಈಗಲೇ ಬರುವುದಾಗಿಯೂ, ಅಲ್ಲಿಯ ತನಕ ಒಳಕೋಣೆಗೆ ಯಾರೂ ಕಾಲಿಡಬಾರದೆಂದೂ ಅಪ್ಪಣೆ ಮಾಡಿ ಹೊರಟರು. ನನ್ನ ಗಂಡ ಚಕ್ರದ ಮೇಲಿನಿಂದಲೇ ಆಗಲಿ ಬುದ್ಧಿ ಎಂದರು. ಅವರು ಕಾಲಿಡಲಿಲ್ಲ, ನಾನೂ ಇಡಲಿಲ್ಲ.

ಆದರೆ ಆ ಅಪ್ಪಣೆ ಅತ್ತೆಗೆ ಗೊತ್ತಿರಲಿಲ್ಲ. ಅತ್ತೆ ಹಿಂದಿನ ಮೆಟ್ಟಿಲ ಮೇಲೆ ಮುಖ ತೊಳೆಯುತ್ತಿದ್ದರು. ದೋಣಿ ಬಂದ ಕೂಡಲೇ ಹಿಂಬಾಗಿಲಿನಿಂದ ಒಳಗೆ ಕೈಚಾಚಿ ಬುಟ್ಟಿಯನ್ನು ಇಳಿಸಿಕೊಂಡು ಗುಡಿಗೆ ಹೊರಟರು. ಅದು ಹದಿನೈದನೆಯ ದಿನ.

ಶುಮಿಂಗ್ ಅವರು ಮರಳಿ ಬಂದಾಗ ಮೈಮೇಲೆ ಬೂದುಬಣ್ಣದ ಬೇರೆ ನಿಲುವಂಗಿಯಿತ್ತು. ನೇರ ಒಳಕೋಣೆಗೆ ಹೋದರು. ಎರಡು ಉಸಿರು ತೆಗೆಯುವಷ್ಟರಲ್ಲಿ ಹೊರಗೆ ಬಂದರು. ಮುಖದಲ್ಲಿ ರಕ್ತವಿರಲಿಲ್ಲ. ಅವರು ಆಡಿದ ಮೊದಲ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ, ಅದನ್ನು ಹಾಗೆಯೇ ಬರೆಯಬೇಕೆಂದು ಬೇಡುತ್ತೇನೆ.

“ಬುಟ್ಟಿ ಎಲ್ಲಿ?” ಅಂದರು.

ಹಾಳೆ ಎಲ್ಲಿ ಎಂದು ಕೇಳಲಿಲ್ಲ. ಪೆಟ್ಟಿಗೆಯನ್ನು ಯಾರು ಮುಟ್ಟಿದರು ಎಂದೂ ಕೇಳಲಿಲ್ಲ. ಒಬ್ಬ ಅಧಿಕಾರಿಗೆ ನಮ್ಮ ಮನೆಯ ಹಳೇ ಕಾಗದದ ಬುಟ್ಟಿಯಿಂದ ಏನಾಗಬೇಕಿತ್ತು ಎಂಬುದನ್ನು ಚಾವಡಿಯವರು ಯೋಚಿಸಬೇಕು. ಬುಟ್ಟಿ ಗುಡಿಗೆ ಹೋಯಿತೆಂದು ನನ್ನ ಗಂಡ ಹೇಳಿದರು. ಶುಮಿಂಗ್ ಅವರು ಓಡಿದರು. ಅಂಥ ಜನ ಓಡುವುದನ್ನು ಓಣಿಯವರು ಹಿಂದೆ ಕಂಡಿರಲಿಲ್ಲ, ಆದ್ದರಿಂದ ಬಾಗಿಲುಬಾಗಿಲಿಗೆ ಬಂದು ನೋಡಿದರು. ಹುವಾ ಸಾನ್ ಕೂಡ ಸೇತುವೆಯ ಬಳಿ ನೋಡಿದ್ದಾನೆ.

ಮಧ್ಯಾಹ್ನದ ಹೊತ್ತಿಗೆ ಶುಮಿಂಗ್ ಅವರು ಪೇದೆಗಳೊಂದಿಗೆ ತಿರುಗಿ ಬಂದರು. ಹಾಳೆಯನ್ನು ಮೇಜಿನ ಮೇಲೆ ಬಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿದ್ದಾಗಿಯೂ, ಅಷ್ಟರಲ್ಲಿ ಯಾನ್ ಬೋಚಿನ್ ಅದನ್ನು ಕದ್ದು ಯಾರಿಗೋ ದಾಟಿಸಿದ್ದಾಗಿಯೂ ಹೇಳಿದರು. ಪೇದೆಗಳು ನೆಲ ಅಗೆದರು, ಹಾಸಿಗೆ ಹರಿದರು. ಕಪ್ಪು, ಕೆಂಪು, ಹಳದಿ ಎಂದು ಬೇರೆಬೇರೆ ಮಾಡಿಟ್ಟಿದ್ದ ನನ್ನ ಮರಳಿನ ತೊಟ್ಟಿಗಳನ್ನು ಒಂದರ ಮೇಲೊಂದು ಬೋರಲು ಹಾಕಿದರು. ವರ್ಷಗಟ್ಟಲೆ ಕೂತು ಜರಡಿ ಹಿಡಿದ ಮರಳು. ನನ್ನ ಗಂಡನ ಕೊರಳಿಗೆ ಸರಪಳಿ ಹಾಕುತ್ತಿರುವಾಗ ನಾನು ಮರಳಿಗಾಗಿ ಕಣ್ಣೀರು ಹಾಕಿದೆ. ಹೆದರಿಕೆಯಲ್ಲಿ ತಲೆ ಹಾಗೆ ಕೆಲಸ ಮಾಡುತ್ತದೆಂದು ನನಗೆ ತಿಳಿದಿರಲಿಲ್ಲ.

ಸಂಜೆ ಅತ್ತೆ ಗುಡಿಯಿಂದ ಬಂದರು. ಮಗನನ್ನು ಒಯ್ದ ಸುದ್ದಿ ಕೇಳಿ ಅವರು ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಜಪಮಣಿ ಹಿಡಿದು ಕೂತುಬಿಟ್ಟರು. ಊಟ ಬಿಟ್ಟರು. ನಾನು ಏನು ಕೇಳಿದರೂ ಮಣಿ ಉರುಳಿಸುವುದನ್ನು ನಿಲ್ಲಿಸಲಿಲ್ಲ. ವಯಸ್ಸಾದ ಜೀವಕ್ಕೆ ಆಘಾತವಾಗಿದೆ ಎಂದು ತಿಳಿದು ನಾನು ಸುಮ್ಮನಾದೆ.

ಹದಿನಾರರಂದು ನನ್ನ ಗಂಡನ ಕಣಕಾಲುಗಳಿಗೆ ಮರದ ಇಕ್ಕಳ ಹಾಕಿದರೆಂದೂ, ಅವರು ಹಾಳೆಯ ಸಂಗತಿ ತಿಳಿಯದೆಂದು ಹೇಳಿದರೆಂದೂ ಬಂದೀಖಾನೆಯ ಕಾವಲುಗಾರನಿಂದ ತಿಳಿಯಿತು. ನಿನ್ನೆ, ಹದಿನೆಂಟರ ಬೆಳಿಗ್ಗೆ, ಎರಡನೆಯ ಸಲ ಹಾಕಿದರು. ನಿನ್ನೆ ಮಧ್ಯಾಹ್ನ ಗಂಜಿ ಒಯ್ಯಲು ನನ್ನನ್ನು ಒಳಗೆ ಬಿಟ್ಟರು. ಅವರ ಎಡಗಾಲಿನ ಕಣಕಾಲು ತನ್ನ ಆಕಾರದಲ್ಲಿಲ್ಲ. ಆ ಪಾದ ಇನ್ನು ಚಕ್ರ ತುಳಿಯುವುದಿಲ್ಲ. ಇಬ್ಬರೂ ಅದನ್ನೇ ನೋಡುತ್ತ ಕೂತಿದ್ದೆವು. ಆಮೇಲೆ ಅವರು ನನ್ನನ್ನು ಹತ್ತಿರ ಕರೆದು, ಪೇದೆಗೆ ಕೇಳಿಸದ ಹಾಗೆ ಹೇಳಿದರು.

“ನೋಡು, ಬುಟ್ಟಿ ವಿಷ್ಯ ಅಮ್ಮ ಬಾಯಿ ಬಿಡ್ಬಾರ್ದು. ಹಾಳೆ ಅದ್ರೊಳಗೆ ಹೆಂಗ್ ಬಿತ್ತೋ ಏನೋ, ಅವ್ಳು ಸುಟ್ಟಿದಾಳೆ. ನಾಳೆ ನಾನು, ಯಾವ್ನೋ ದೋಣಿಯವ್ನಿಗೆ ಮಾರ್ದೆ ಅಂತ ಒಪ್ಕೊಂಡ್ಬಿಡ್ತೀನಿ. ಮೂರ್ನೇ ಸಲ ನನ್ ಕೈಲಾಗಲ್ಲ ಕಣೇ.”

ಒಪ್ಪಿಕೊಂಡರೆ ಏನಾಗುತ್ತದೆಂದು ತಿಳಿದಿದೆಯೇ ಎಂದು ಕೇಳಿದೆ. ತಿಳಿದಿದೆ ಎಂದರು. ತಾಯಿಯ ಮೇಲೆ ಮಗ ದೂರು ಹೇಳಿ ಬದುಕಿಕೊಂಡರೆ ಆ ಬದುಕನ್ನು ಎಲ್ಲಿ ಇಟ್ಟುಕೊಳ್ಳುವುದು ಎಂದರು. ನನಗೆ ಸಿಟ್ಟು ಬಂತು. ನಾನೆಲ್ಲಿ ಇಟ್ಟುಕೊಳ್ಳಲಿ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಗಂಜಿಯನ್ನು ಚಮಚದಲ್ಲಿ ತಿನ್ನಿಸಿ ಬಂದೆ.

ಮನೆಗೆ ಬಂದು, ದೀಪ ಹಚ್ಚುವ ಮೊದಲು, ಅತ್ತೆಯ ಕೈಯಿಂದ ಜಪಮಣಿ ಕಿತ್ತುಕೊಂಡೆ. ಸೊಸೆಯಾದವಳು ಮಾಡುವ ಕೆಲಸವಲ್ಲ, ಆದರೂ ಮಾಡಿದೆ. ನಿಮ್ಮ ಮಗ ನಾಳೆ ಸುಳ್ಳು ಒಪ್ಪಿಕೊಂಡು ಸಾಯುತ್ತಾನೆ, ಹಾಳೆ ನೀವು ಸುಟ್ಟಿದ್ದು ನಿಜವೇ ಎಂದು ಕೇಳಿದೆ. ಅವರು ಎಲ್ಲವನ್ನೂ ಹೇಳಿದರು.

ಗುಡಿಯಲ್ಲಿ ನಕಲುಗಳನ್ನು ಒಂದೊಂದಾಗಿ ತೆಗೆಯುವಾಗ ನಡುವೆ ನಾಲ್ಕು ಮಡಿಕೆ ಮಾಡಿದ ದಪ್ಪ ಕಾಗದ ಕೈಗೆ ಸಿಕ್ಕಿತಂತೆ. ಅತ್ತೆಗೆ ಓದು ಬಾರದು, ಕಣ್ಣೂ ಮಂಜು. ಆದರೂ ನೀಲಿ ಕಾಗದ, ಚಿನ್ನದ ಅಕ್ಷರ ಎಂದರೆ ಯಾರ ಕೈಬರಹವೆಂದು ತಿಳಿಯಿತು. ಬಿಡಿಸಿದಾಗ ಒಳಗೆಲ್ಲ ಜಿಡ್ಡು ಹರಡಿ ಚಿನ್ನ ಕದಡಿಹೋಗಿತ್ತು. ಮೂಗಿಗೆ ಮಾಂಸದ ಸಾರಿನ ವಾಸನೆ ಬಂತು. ಮಗ ಬಾಯಿಚಪಲ ತಡೆಯಲಾರದೆ ಕದ್ದು ಮಾಂಸ ತಂದು ತಿಂದಿದ್ದಾನೆ, ಅದನ್ನು ಸೂತ್ರದ ಮೇಲೆ ಚೆಲ್ಲಿ, ಹೆದರಿ, ಬುಟ್ಟಿಯಲ್ಲಿ ಅಡಗಿಸಿದ್ದಾನೆ ಎಂದು ಅವರು ತಿಳಿದರು. ಕದ್ದವನಿಗೆ ಒಂದೇ ಏಟಿಗೆ ತಲೆ ತೆಗೆಯುತ್ತಾರೆ, ಚಕ್ರವರ್ತಿಗಳ ತಾಯಿಯ ಹೆಸರಿನ ಸೂತ್ರಕ್ಕೆ ಎಂಜಲು ಚೆಲ್ಲಿದವನನ್ನು ತುಂಡುತುಂಡಾಗಿ ಕೊಯ್ಯುತ್ತಾರೆ ಎಂಬುದು ಅವರ ನಂಬಿಕೆ. ಅದಕ್ಕೇ ಹಾಳೆಯನ್ನು ಹಣೆಗೆ ಮುಟ್ಟಿಸಿ, ಉಳಿದವುಗಳ ನಡುವೆ ಇಟ್ಟು ಸುಟ್ಟರು. ಶುಮಿಂಗ್ ಅವರು ಏದುಸಿರು ಬಿಡುತ್ತ ಬಂದು ನೀಲಿ ಕಾಗದ ಕಂಡೆಯಾ ಎಂದು ಕೇಳಿದಾಗ, ಕಣ್ಣೇ ಕಾಣದವಳಿಗೆ ನೀಲಿಯೇನು ಬಿಳಿಯೇನು, ಎಲ್ಲವೂ ಮೇಲಕ್ಕೆ ಹೋಯಿತು ಎಂದು ಉತ್ತರ ಕೊಟ್ಟರು. ಅದನ್ನು ಕೇಳಿ ಶುಮಿಂಗ್ ಅವರು ಒಲೆಯ ಮುಂದೆ ನಿಂತು ಉಸಿರು ಸುಧಾರಿಸಿಕೊಂಡು, ಆಮೇಲೆ ಸಾವಕಾಶವಾಗಿ ನಡೆದು ಹೋದರಂತೆ.

ಸಾರಿನ ವಾಸನೆ ಎಂಥದು ಎಂದು ನಾನು ಕೇಳಿದೆ. ಸಕ್ಕರೆ, ಚಕ್ರಮೊಗ್ಗು, ಹಂದಿ ಕೊಬ್ಬು ಎಂದರು. ಸೇತುವೆ ದಾಟುವವರಿಗೆಲ್ಲ ಗೊತ್ತಿರುವ ವಾಸನೆ ಅದು, ಹುವಾ ಸಾನ್ ಅಂಗಡಿಯದು. ಆ ದಿನ ಬೆಳಿಗ್ಗೆ ನಿಮ್ಮ ಮಗ ಹೊಸಿಲು ದಾಟಿದ್ದರೇ ಎಂದು ಕೇಳಿದೆ. ಇಲ್ಲ ಎಂದರು. ಎರಡನೆಯ ತಿಂಗಳಿಂದ ನಮ್ಮ ಒಲೆಯ ಮೇಲೆ ಮಾಂಸ ಬೆಂದಿದೆಯೇ ಎಂದು ಕೇಳಿದೆ. ಇಲ್ಲ ಎಂದರು. ಹಾಗಾದರೆ ಸಾರನ್ನು ಹೊಸಿಲು ದಾಟಿಸಿ ಒಳಗೆ ತಂದವರು ಯಾರು ಎಂದು, ಬೆಳಗಿನ ಬಟ್ಟಲಿನ ವಿಷಯವನ್ನೂ ಒದ್ದೆ ತೋಳಿನ ವಿಷಯವನ್ನೂ ಹೇಳಿದೆ. ಅತ್ತೆ ಬಾಯಿಯ ಮೇಲೆ ಕೈಯಿಟ್ಟುಕೊಂಡರು.

“ದಿನಾ ಅವ್ನ್ ಬಾಯಿ ಮೂಸಿ ಮೂಸಿ, ನಂಗೆ ಅವ್ನ್ ಬಾಯೊಂದೇ ಕಣೇ ನೆನಪಾಗಿದ್ದು. ಇನ್ನೊಬ್ರಿಗೂ ಬಾಯಿದೆ ಅಂತ ಹೊಳೀಲೇ ಇಲ್ಲ” ಅಂದರು.

ನನ್ನ ತಿಳಿವಳಿಕೆ ಇಷ್ಟು. ಶುಮಿಂಗ್ ಅವರು ಹಾಳೆಯ ಪಕ್ಕದಲ್ಲಿ ಶಾವಿಗೆ ತಿನ್ನುತ್ತ ಸಾರು ಚೆಲ್ಲಿಕೊಂಡರು. ತೋಳಿನಿಂದ ಒರೆಸಿ ಇನ್ನೂ ಹರಡಿದರು. ಏನಾದರೂ ಉಪಾಯ ಮಾಡಿ ಬರುವ ತನಕ ಯಾರ ಕಣ್ಣಿಗೂ ಬೀಳಬಾರದೆಂದು, ಯಾರೂ ಕೈಯಾಡಿಸದ ಬುಟ್ಟಿಯಲ್ಲಿ ನಕಲುಗಳ ನಡುವೆ ತೂರಿಸಿದರು. ಉತ್ತರದವರಾದ್ದರಿಂದ ನಮ್ಮ ಬುಟ್ಟಿಯನ್ನು ಯಾವ ದಿನ ಖಾಲಿ ಮಾಡುತ್ತಾರೆಂದು ಅವರಿಗೆ ತಿಳಿದಿರಲಿಲ್ಲ. ಹಾಳೆ ಸುಟ್ಟುಹೋಯಿತೆಂದು ಗುಡಿಯಲ್ಲಿ ತಿಳಿದ ಮೇಲೆ, ತಮ್ಮ ತಲೆ ಉಳಿಸಿಕೊಳ್ಳಲು ನನ್ನ ಗಂಡನ ತಲೆ ತೋರಿಸಿದರು. ಚೆಲ್ಲಿದ್ದನ್ನು ನಾನು ಕಣ್ಣಿನಿಂದ ಕಂಡಿಲ್ಲ, ಇದನ್ನೂ ಬರೆಯಿರಿ. ಕಂಡದ್ದು ಬಟ್ಟಲು, ತೋಳು, ಬದಲಾದ ನಿಲುವಂಗಿ. ಕೇಳಿದ್ದು ಬುಟ್ಟಿಯ ಮಾತು.

ಇಂದು ಹತ್ತೊಂಬತ್ತು. ಬೆಳಗಾಗುತ್ತಲೇ ಅತ್ತೆಯೂ ನಾನೂ ದೋಣಿಯಲ್ಲಿ ಬಂದು ಚಾವಡಿಯ ಬಾಗಿಲು ತೆರೆಯುವುದನ್ನು ಕಾದೆವು. ತಾನೇ ಹೇಳಿಕೆ ಕೊಡುವುದಾಗಿ ಅತ್ತೆ ಬಾಗಿಲ ಪೇದೆಯನ್ನು ಬೇಡಿಕೊಂಡರು. ಎಂಬತ್ತು ದಾಟಿದವರ ಸಾಕ್ಷಿ ನಡೆಯುವುದಿಲ್ಲ ಎಂದು ಅವನು ಹೇಳಿದನು. ಅಷ್ಟು ವಯಸ್ಸಾದವರು ಸುಳ್ಳು ಹೇಳಿದರೂ ಹೊಡೆಯುವಂತಿಲ್ಲವಂತೆ, ಹೊಡೆಯಲಾಗದವರ ಮಾತನ್ನು ಬರೆದುಕೊಳ್ಳುವಂತಿಲ್ಲವಂತೆ. ಅತ್ತೆ ಈಗ ಬಾಗಿಲ ಹೊರಗೆ ಕಲ್ಲಿನ ಮೇಲೆ ಕೂತಿದ್ದಾರೆ. ಹೀಗಾಗಿ ಈ ಮಾತಿಗೆ ಉಳಿದವಳು ನಾನೊಬ್ಬಳೇ.

ಬರೆಯಲು ಶುರುಮಾಡುವ ಮೊದಲು ಗುಮಾಸ್ತ ಫಾಂಗ್ ಅವರು ನನಗೆ ಕಾನೂನು ಓದಿ ಹೇಳಿದ್ದಾರೆ. ಗಂಡನ ತಾಯಿಯ ಮೇಲೆ ಸೊಸೆ ದೂರು ಹೇಳಿದರೆ, ದೂರು ನಿಜವಾಗಿದ್ದರೂ ನೂರು ಏಟು, ಮೂರು ವರ್ಷ ದೂರದೇಶದಲ್ಲಿ ಕೂಲಿ. ಸುಳ್ಳಾದರೆ ಕುತ್ತಿಗೆಗೆ ಹಗ್ಗ. ಎರಡನ್ನೂ ಕೇಳಿಸಿಕೊಂಡಿದ್ದೇನೆ. ಫಾಂಗ್ ಅವರು ಕುಂಚ ಕೆಳಗಿಟ್ಟು, ಸುಮ್ಮನೆ ಮನೆಗೆ ಹೋಗು ತಾಯಿ, ನೀನು ಬಂದೇ ಇಲ್ಲವೆಂದು ತಿಳಿಯುತ್ತೇನೆ ಎಂದರು. ಅವರು ಒಳ್ಳೆಯವರು. ನಾನು ದೂರು ಹೇಳುತ್ತಿಲ್ಲ, ನಡೆದದ್ದನ್ನು ಹೇಳುತ್ತಿದ್ದೇನೆ ಎಂದೆ. ಎರಡಕ್ಕೂ ಏಟು ಒಂದೇ ಎಂದರು. ಹಾಗಾದರೆ ಬರೆಯಿರಿ ಎಂದೆ.

ಶುಮಿಂಗ್ ಅವರ ಹೆಸರು ಬಂದಾಗ ಫಾಂಗ್ ಅವರು ಮತ್ತೊಮ್ಮೆ ಕುಂಚ ನಿಲ್ಲಿಸಿ, ತಲೆಯಿಂದ ಪಕ್ಕದ ಕೋಣೆಯ ಪರದೆಯನ್ನು ತೋರಿಸಿದರು. ಪರದೆಯ ಹಿಂದೆ ಯಾರೋ ಚಹಾದ ಬಟ್ಟಲಿನ ಮುಚ್ಚಳವನ್ನು ತೆಗೆದು ತೆಗೆದು ಮುಚ್ಚುತ್ತಿದ್ದಾರೆ. ಕೆಮ್ಮಿನ ಸದ್ದಿನಿಂದ ಅದು ಶುಮಿಂಗ್ ಅವರೇ ಎಂದು ತಿಳಿಯಿತು. ಕುಪ್ಪಸ ಬೆವರಿನಿಂದ ಬೆನ್ನಿಗೆ ಅಂಟಿದೆ. ಓಡಿಹೋಗಬೇಕೆನಿಸುತ್ತಿದೆ. ಇಂದು ಮಧ್ಯಾಹ್ನ ನನ್ನ ಗಂಡನನ್ನು ಮೂರನೆಯ ಸಲ ಕರೆತರುತ್ತಾರೆ. ಅದಕ್ಕೆ ಮುಂಚೆ ಈ ಹೇಳಿಕೆ ವಿಚಾರಣೆ ನಡೆಸುವ ಅಮಲ್ದಾರರ ಮೇಜಿಗೆ ಹೋಗಬೇಕು, ಅದಕ್ಕೇ ಓಡಿಲ್ಲ.

ಈಗ ಒಬ್ಬ ಪೇದೆ ಬಂದು ದಾರ ಪೋಣಿಸಿದ ಐದು ಕೋಲುಗಳನ್ನು ನನ್ನ ಮುಂದೆ ಇಟ್ಟುಹೋದನು. ಗಂಡಸರಿಗೆ ಕಣಕಾಲಿನ ಇಕ್ಕಳ, ಹೆಂಗಸರಿಗೆ ಕೋಲುಗಳ ನಡುವೆ ಬೆರಳು ಇಡಿಸಿ ದಾರ ಎಳೆದು ಹಿಸುಕುವಂಥದು. ಹೇಳಿಕೆ ಮುಗಿದ ಮೇಲೆ ಅದು ಗಟ್ಟಿಯೋ ಟೊಳ್ಳೋ ಎಂದು ಇದರಿಂದ ನೋಡುವ ಕ್ರಮವಿದೆಯಂತೆ. ದಾರ ಎಳೆದಾಗ ನಾನು ಏನು ಹೇಳುತ್ತೇನೋ ನನಗೆ ಗೊತ್ತಿಲ್ಲ. ನಾನು ಗಟ್ಟಿಗಿತ್ತಿಯಲ್ಲ. ಜರಡಿಯ ತಂತಿ ಚುಚ್ಚಿದರೆ ಕೂಗಿಕೊಳ್ಳುವವಳು. ಕಣಕಾಲು ಮುರಿಸಿಕೊಂಡ ನನ್ನ ಗಂಡನೇ ಮಾರದ ಹಾಳೆಯನ್ನು ಮಾರಿದೆನೆಂದು ಹೇಳಲು ತಯಾರಾದರು.

ಆದ್ದರಿಂದ ಮೇಲೆ ಬರೆಸಿದ್ದೆಲ್ಲವೂ ನಾನು ಕಂಡದ್ದು, ಕೇಳಿದ್ದು ಮತ್ತು ಅತ್ತೆಯ ಬಾಯಿಂದ ತಿಳಿದದ್ದು ಎಂದೂ, ಫಾಂಗ್ ಅವರು ಇದನ್ನು ನನಗೆ ಓದಿ ಹೇಳಿದಾಗ ಒಂದು ಮಾತೂ ಹೆಚ್ಚುಕಡಿಮೆ ಇರಲಿಲ್ಲವೆಂದೂ ಒಪ್ಪಿ, ಬಲಗೈಯ ನಾಲ್ಕು ಬೆರಳುಗಳ ಗುರುತು ಒತ್ತಿದ್ದೇನೆ. ಒಂದೇ ಬೆರಳು ಸಾಕು ಎಂದರು, ನಾಲ್ಕೂ ಇರಲಿ ಎಂದೆ. ಇವು ಕೋಲು ಹಾಕುವ ಮೊದಲಿನ ಬೆರಳುಗಳು. ಇನ್ನು ಮುಂದೆ ನನ್ನ ಹೆಸರಿನಲ್ಲಿ ಬೇರೊಂದು ಹೇಳಿಕೆ ಬಂದು, ಅದರಲ್ಲಿ ಬೇರೆ ಮಾತಿದ್ದರೆ, ದಯಮಾಡಿ ಅದರ ಕೆಳಗಿನ ಬೆರಳುಗಳನ್ನು ಇವುಗಳ ಪಕ್ಕದಲ್ಲಿ ಇಟ್ಟು ನೋಡಬೇಕು.

ಸ್ಥಳ: ಸೂಝೌ, ಚಾವಡಿ
ದಿನ: ನಾಲ್ಕನೆಯ ತಿಂಗಳ ಹತ್ತೊಂಬತ್ತು, ಬೆಳಿಗ್ಗೆ

ಯಾನ್ ಪು, ಬಲಗೈ: ತೋರುಬೆರಳು, ನಡುಬೆರಳು, ಉಂಗುರದ ಬೆರಳು, ಕಿರುಬೆರಳು

ಬರೆದುಕೊಂಡವರು: ಗುಮಾಸ್ತ ಫಾಂಗ್. ನಾಲ್ಕೂ ಗುರುತು ಸ್ಪಷ್ಟವಾಗಿ ಮೂಡಿವೆ.